ಅರ್ಧಕ್ಕೆ ನಿಂತ ಕರೆಗಳು

ಬೆಳಿಗ್ಗೆ ಏಳಕ್ಕೆ ಆಯಾ ಬಕೆಟ್ ಹಿಡಿದು ಮೆಟ್ಟಿಲು ಹತ್ತಿದಳು. ಮೇಲಿನ ಮಹಡಿಗೆ ತಿರುಗುವಲ್ಲಿ ಬಿಳಿ ಪಿಪಿಇ ಕಿಟ್ ಒಂದು ಬಿದ್ದಿತ್ತು. ಯಾರೋ ಬಿಚ್ಚಿ ಎಸೆದು ಹೋಗಿದ್ದಾರೆ ಎಂದುಕೊಂಡಳು. ಬೈದುಕೊಳ್ಳುತ್ತಲೇ ಎತ್ತಲು ಬಗ್ಗಿದಳು. ಕಿಟ್ ಭಾರವಾಗಿತ್ತು. ಒಳಗೆ ಫೋನಕ್ಕ ಇದ್ದಳು.

ಎಂಟಕ್ಕೆ ಇನ್ಸ್‌ಪೆಕ್ಟರ್ ಬಂದಳು. ಜೊತೆಗೆ ದಫೇದಾರ. ಅವನಿಗೆ ನಿವೃತ್ತಿಗೆ ಇನ್ನು ಐದು ತಿಂಗಳಿತ್ತು, ಮಂಡಿನೋವಿತ್ತು. ಮೆಟ್ಟಿಲು ಕಂಡರೆ ಮುಖ ಹುಳ್ಳಗೆ ಮಾಡುತ್ತಿದ್ದ.

ಆ ಕಟ್ಟಡ ಮೊದಲು ಶಾಲೆ. ಸಾಂಕ್ರಾಮಿಕ ಬಂದ ಮೇಲೆ ಮಕ್ಕಳು ಮನೆ ಸೇರಿದರು, ಬೆಂಚುಗಳು ಅಂಗಳಕ್ಕೆ ಬಿದ್ದವು. ಕೆಳಗಿನ ಎರಡು ಮಹಡಿ ಜ್ವರದ ವಾರ್ಡ್ ಆದವು. ಮೇಲಿನ ಮಹಡಿಯಲ್ಲಿ ಹೊರದೇಶದ ನೆರವು ಸಂಸ್ಥೆಯ ಕಚೇರಿ. ಅಲ್ಲಿ ಮೂರೇ ಕೋಣೆ. ಒಂದು ಸಂಯೋಜಕನದು. ಒಂದು ಉಗ್ರಾಣ. ಇನ್ನೊಂದು ಹೆಂಗಸರ ಸಹಾಯವಾಣಿ. ಸಹಾಯವಾಣಿ ಎಂದರೆ ಒಂದು ಮೇಜು, ಒಂದು ಕುರ್ಚಿ, ಒಂದು ಫೋನು, ಮತ್ತು ಫೋನಕ್ಕ.

ಆಕೆಗೆ ಐವತ್ತೊಂಬತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಬೇರೆಯವರ ಮಾತಿಗೆ ತಂತಿ ಜೋಡಿಸಿ ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಎದುರು ಬೀದಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದಳು.

"ನಿನ್ನೆ ಸಂಜೆಯಿಂದ ಮನೆಗೆ ಹೋಗಿಲ್ಲ. ಯಾರಿಗೂ ಗೊತ್ತಾಗ್ಲಿಲ್ವಾ?" ದಫೇದಾರ ಕೇಳಿದ.

"ಯಾರಿಗೆ ಗೊತ್ತಾಗ್ಬೇಕು?" ಎಂದಳು ಆಯಾ.

ಇನ್ಸ್‌ಪೆಕ್ಟರ್ ಹೆಣದ ಪಕ್ಕ ಕೂತಳು. ಅವಳೂ ಎಪ್ಪತ್ತಮೂರು ದಿನದಿಂದ ಠಾಣೆಯ ಹಿಂದಿನ ಕೋಣೆಯಲ್ಲೇ ಮಲಗುತ್ತಿದ್ದಳು. ಅಮ್ಮನನ್ನೂ ಮಗಳನ್ನೂ ತಂಗಿಯ ಮನೆಗೆ ಕಳಿಸಿದ್ದಳು. ದಿನಕ್ಕೆ ನೂರು ಜನರ ಉಸಿರು ತಾಗುವ ಕೆಲಸ. ಮನೆಗೆ ಕಾಯಿಲೆ ಹೊತ್ತುಕೊಂಡು ಹೋಗುವುದಕ್ಕಿಂತ ಇದೇ ವಾಸಿ ಎಂದು ಅವಳೇ ತೀರ್ಮಾನಿಸಿದ್ದು.

ಫೋನಕ್ಕನ ತಲೆ ಮೆಟ್ಟಿಲಿನ ಅಂಚಿಗೆ ಬಡಿದಿತ್ತು. ಕಿಟ್ಟಿನ ಕಾಲುಗಳು ಪಾದ ದಾಟಿ ಗೇಣುದ್ದ ನೆಲಕ್ಕೆ ಹರಡಿದ್ದವು. ನೋಡಿದರೆ ಸಾಕು, ಏನಾಗಿದೆ ಎಂದು ಯಾರಾದರೂ ಹೇಳಬಹುದಿತ್ತು.

ಸಂಯೋಜಕ ಹೇಳಿಯೂಬಿಟ್ಟ. ನಲವತ್ತರ ಆಸುಪಾಸಿನ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆ ಮಾತು. ವಾರ್ಡಿನ ಮೂಲಕ ಇಳಿಯುವವರು ಮೇಲೆಯೇ ಕಿಟ್ ಹಾಕಿಕೊಳ್ಳಬೇಕೆಂಬುದು ಇಲ್ಲಿಯ ನಿಯಮ. ಬಂದ ಕಿಟ್ಟುಗಳೆಲ್ಲ ಆರಡಿ ಗಂಡಸಿನ ಅಳತೆಯವು. ಹೆಂಗಸರಿಗೆ ಕಾಲಿಗೆ ತೊಡರುತ್ತವೆ.

"ಸಣ್ಣ ಅಳತೆ ಕಳಿಸಿ ಅಂತ ನಾನೇ ಎರಡು ಸಲ ಬರೆದೆ ಮೇಡಂ. ಕೇಳೋರು ಯಾರು? ಒಂದಲ್ಲ ಒಂದು ದಿನ ಹೀಗಾಗತ್ತೆ ಅಂತ ಭಯ ಇತ್ತು."

ತಾನು ಹಿಂದಿನ ದಿನ ನಾಲ್ಕಕ್ಕೇ ಹೊರಟೆ ಎಂದೂ ಹೇಳಿದ. ಅವನ ಬೆನ್ನ ಹಿಂದೆ ಗೋಡೆಯಲ್ಲಿ ಒಂದು ಭಿತ್ತಿಪತ್ರವಿತ್ತು. ಒಬ್ಬ ಗಂಡಸು, ಒಬ್ಬ ಹೆಂಗಸು ಒಂದೇ ಎತ್ತರಕ್ಕೆ ನಿಂತು ನಗುತ್ತಿದ್ದರು.

ವೈದ್ಯರು ನೋಡಿದರು. ಸಂಜೆ ಐದರಿಂದ ಏಳರೊಳಗೆ ಸತ್ತಿರಬೇಕು ಎಂದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ, ಬಿದ್ದ ಕೂಡಲೇ ಯಾರಾದರೂ ಕೂಗಿದ್ದರೆ ಉಳಿಯುತ್ತಿದ್ದಳೇನೋ ಎಂದರು. ವಾರ್ಡಿನ ಬಾಗಿಲು ಹನ್ನೆರಡು ಮೆಟ್ಟಿಲ ಕೆಳಗಿತ್ತು.

*

ಅಪಘಾತ ಎಂದು ಬರೆದು ಮುಗಿಸಬಹುದಿತ್ತು. ಆದರೆ ಗೇಟಿನ ಕಾವಲುಗಾರ ಒಂದು ಮಾತು ಹೇಳಿದ. ಹಿಂದಿನ ದಿನ ಮೂರೂವರೆಗೆ ಒಬ್ಬ ಟೈಲರ್ ಬಂದು ಗೇಟಿನಲ್ಲಿ ರಂಪ ಮಾಡಿದ್ದ. ಫೋನಿನವಳು ತನ್ನ ಹೆಂಡತಿಯ ತಲೆ ಕೆಡಿಸುತ್ತಿದ್ದಾಳೆ, ಕೈಗೆ ಸಿಕ್ಕರೆ ಬಿಡುವುದಿಲ್ಲ ಎಂದು ಕೂಗಿದ್ದ.

"ಒಳಗೆ ಬಿಟ್ಟೆಯಾ?"

"ಇಲ್ಲ ಮೇಡಂ. ಆದ್ರೆ ಹಿಂದ್ಗಡೆ ಕಾಂಪೌಂಡ್ ಮೋಟು. ಮನಸ್ಸಿದ್ರೆ ಯಾರು ಬೇಕಾದ್ರೂ ಹಾರಬಹುದು."

ಟೈಲರ್ ಮೂರು ಬೀದಿ ಆಚೆ ಇದ್ದ. ಅಂಗಡಿಯೂ ಅದೇ, ಮನೆಯೂ ಅದೇ. ಅರ್ಧ ಎಳೆದ ಶಟರಿನ ಒಳಗೆ ಎರಡು ಹೊಲಿಗೆ ಯಂತ್ರ, ಹಿಂದೆ ಪರದೆ, ಪರದೆಯ ಹಿಂದೆ ಒಲೆ. ಎರಡು ತಿಂಗಳಿಂದ ಯಾರೂ ಬಟ್ಟೆ ತಂದಿರಲಿಲ್ಲ. ಪೊಲೀಸರನ್ನು ಕಂಡದ್ದೇ ಅವನ ಮುಖ ಬಿಳುಚಿಕೊಂಡಿತು.

ಅವನು ದಫೇದಾರನನ್ನು ನೋಡಿದ. ದಫೇದಾರ ಅವನನ್ನು ನೋಡಿದ. ಆಮೇಲೆ ಇನ್ಸ್‌ಪೆಕ್ಟರ್ ಕಡೆ ಬಗ್ಗಿ ಮೆಲ್ಲಗೆ ಹೇಳಿದ.

"ಇವನಲ್ಲ ಮೇಡಂ. ನಿನ್ನೆ ನಾಲ್ಕರಿಂದ ಎಂಟರ ತನಕ ಇವನು ಚೆಕ್‌ಪೋಸ್ಟಲ್ಲಿ ಕೂತಿದ್ದ. ಮಾಸ್ಕ್ ಇರ್ಲಿಲ್ಲ, ಮೇಲಿಂದ ಎದುರು ಮಾತು ಬೇರೆ. ಕೂರಿಸಿದ್ದು ನಾನೇ."

ಬೆಟ್ಟ ಅಗೆದು ಇಲಿಯೂ ಸಿಗಲಿಲ್ಲ. ಹೊರಡಲು ತಿರುಗಿದ ಇನ್ಸ್‌ಪೆಕ್ಟರ್‌ಗೆ ಪರದೆಯ ಸಂದಿಯಲ್ಲಿ ಹೆಂಡತಿ ಕಂಡಳು. ಅವಳು ಬಾಗಿಲ ಕಡೆ ನೋಡಲಿಲ್ಲ, ಗಂಡನ ಕಡೆಯೂ ನೋಡಲಿಲ್ಲ. ಇನ್ಸ್‌ಪೆಕ್ಟರಳ ಬೂಟಿನ ಕಡೆ ನೋಡುತ್ತಿದ್ದಳು.

"ಇವರದೊಂದು ಹೇಳಿಕೆ ತಗೊಳ್ಳಿ. ಹೊರಗೆ, ಗಾಳಿ ಆಡೋ ಕಡೆ," ಎಂದಳು ಇನ್ಸ್‌ಪೆಕ್ಟರ್. ದಫೇದಾರ ಟೈಲರನನ್ನು ರಸ್ತೆಯ ತುದಿಯ ತನಕ ಕರೆದುಕೊಂಡು ಹೋದ.

ಹೆಂಡತಿ ಮೊದಲು ಕೇಳಿದ್ದು, ಆ ಅಕ್ಕ ನಿಜವಾಗಿಯೂ ಹೋಗಿಬಿಟ್ಟರಾ ಎಂದು. ಆಮೇಲೆ ತಾನು ಎರಡು ಸಲ ಆ ನಂಬರಿಗೆ ಫೋನ್ ಮಾಡಿದ್ದಾಗಿ ಹೇಳಿದಳು. ಯಾಕೆಂದು ಹೇಳಲಿಲ್ಲ. ತೋಳಿನ ಬಟ್ಟೆ ಮಣಿಕಟ್ಟಿನ ತನಕ ಇಳಿಸಿಕೊಂಡಿದ್ದಳು, ಆ ಸೆಕೆಯಲ್ಲೂ.

"ಎರಡೂ ಸಲ ಅರ್ಧಕ್ಕೇ ಇಟ್ಟೆ. ನಮ್ಮೋರ ಚಪ್ಪಲಿ ಸದ್ದು ಕೇಳ್ತು. 'ರಾಂಗ್ ನಂಬರ್' ಅಂತ ಜೋರಾಗಿ ಹೇಳಿ ಇಟ್ಬಿಡು ಅಂತ ಅಕ್ಕನೇ ಹೇಳ್ಕೊಟ್ಟಿದ್ರು. ಎಲ್ರೂ ಹಾಗೇ ಮಾಡೋದಂತೆ. ಗಂಡಂದಿರು ಇಡೀ ದಿನ ಮನೇಲೇ ಇರ್ತಾರಲ್ಲ, ಒಂದು ನಿಮಿಷದ ಮೇಲೆ ಮಾತಾಡೋದು ಯಾರಿಂದಾಗತ್ತೆ?"

"ಮತ್ತೆ ನಿನ್ನ ಗಂಡನಿಗೆ ಗೊತ್ತಾಗಿದ್ದು ಹೇಗೆ?"

"ಫೋನಲ್ಲಿ ನಂಬರ್ ನೋಡಿದ್ರು. ಕಿಟ್ ಕೆಲಸಕ್ಕೆ ಮಾಡಿದ್ದು ಅಂದೆ. ನಂಬಲಿಲ್ಲ."

"ಯಾವ ಕಿಟ್ ಕೆಲಸ?"

ಹೆಂಡತಿ ಮಂಚದ ಕೆಳಗಿಂದ ಒಂದು ಚೀಲ ಎಳೆದಳು. ಒಳಗೆ ಬಿಳಿ ಬಟ್ಟೆಯ ತುಂಡುಗಳು. ಕತ್ತರಿಸಿದ ಪಿಪಿಇ ಕಾಲುಗಳು, ಹನ್ನೊಂದು ಜೊತೆ. ಮೇಲಿನ ಮಹಡಿಯ, ವಾರ್ಡಿನ ಹೆಂಗಸರೆಲ್ಲ ಆಯಾಳ ಕೈಲಿ ತಮ್ಮ ಕಿಟ್ ಕಳಿಸಿದ್ದರು. ಇವಳು ಅವರವರ ಎತ್ತರಕ್ಕೆ ಕಾಲು ಕತ್ತರಿಸಿ, ತುದಿಯನ್ನು ನೀಲಿ ಇನ್ಸುಲೇಷನ್ ಟೇಪಿನಿಂದ ಅಂಟಿಸಿ ಕೊಟ್ಟಿದ್ದಳು. ಸೂಜಿ ಹಾಕಿದರೆ ತೂತಾಗುತ್ತದೆ ಎಂದು ಟೇಪು. ತುಂಡುಗಳನ್ನು ಎಸೆಯಲು ಮನಸ್ಸು ಬಂದಿರಲಿಲ್ಲ. ಒಂದೊಂದಕ್ಕೂ ಪೆನ್ನಿನಿಂದ ಗುರುತು ಹಾಕಿದ್ದಳು.

"ಇದು ಫೋನಕ್ಕಂದು. ಮೊದಲು ಮಾಡಿಸಿದ್ದೇ ಅವರು. ಒಂದು ಗೇಣು, ಮೇಲೆ ನಾಲ್ಕು ಬೆರಳು."

ಇನ್ಸ್‌ಪೆಕ್ಟರ್ ಆ ತುಂಡನ್ನು ಕೈಯಲ್ಲಿ ಹಿಡಿದು ನಿಂತಳು. ಬೆಳಿಗ್ಗೆ ಮೆಟ್ಟಿಲ ಮೇಲೆ ಹರಡಿದ್ದ ಕಾಲುಗಳಿಗೆ ಟೇಪು ಇರಲಿಲ್ಲ.

*

ಫೋನಕ್ಕನ ಕಿಟ್ ತಾರಸಿಯ ಹಗ್ಗದಲ್ಲಿ ಬಿಸಿಲಿಗೆ ತೂಗುತ್ತಿತ್ತು. ತೊಳೆದು ಒಣಗಿಸಿ ಅದನ್ನೇ ಮತ್ತೆ ಹಾಕಿಕೊಳ್ಳುವುದು ಇಲ್ಲಿಯ ಹೆಂಗಸರ ರೂಢಿ. ಕುತ್ತಿಗೆಯ ಹತ್ತಿರ ಅವಳ ಗುರುತು. ಕಾಲಿನ ತುದಿಯಲ್ಲಿ ನೀಲಿ ಟೇಪು. ಹಗ್ಗಕ್ಕೆ ಎರಡು ಕ್ಲಿಪ್ಪು ಹಾಕಿ ಒಪ್ಪವಾಗಿ ನೇತುಹಾಕಿದ್ದಳು.

ಹಾಗಾದರೆ ಸತ್ತವಳ ಮೈಮೇಲೆ ಇದ್ದದ್ದು ಹೊಸದು. ಉಗ್ರಾಣದಿಂದ ಬಂದದ್ದು. ಉಗ್ರಾಣದ ಬೀಗದ ಕೈ ಒಬ್ಬನ ಜೇಬಿನಲ್ಲಿತ್ತು.

ಇನ್ಸ್‌ಪೆಕ್ಟರ್ ಆಯಾಳನ್ನು ಕೇಳಿದಳು, ಟೇಪು ಇಲ್ಲದ್ದು ನಿನಗೆ ಕಾಣಲಿಲ್ಲವೇ ಎಂದು. ಆಯಾ ತನ್ನ ಕಾಲಿನ ನೀಲಿ ಟೇಪನ್ನು ಒಮ್ಮೆ ನೋಡಿಕೊಂಡಳು. ಆಗ ಅಳುತ್ತಿದ್ದೆ, ಮುಖ ನೋಡಿದೆ, ಕಾಲು ಯಾರು ನೋಡುತ್ತಾರೆ ಎಂದಳು.

"ಇನ್ನೊಂದಿತ್ತು. ಹೇಳ್ಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ. ಸಾರ್ ಬಾಗಿಲ ಹತ್ರ ಹಳದಿ ಚೀಲ ಇತ್ತು, ನಾನೇ ಹಿತ್ತಲಿಗೆ ಹಾಕಿ ಬಂದೆ. ಹಳದಿ ಚೀಲ ವಾರ್ಡಿನ ಕಸಕ್ಕೆ, ಸುಡೋಕೆ ಹೋಗೋದು. ಮೇಲ್ಗಡೆ ರೋಗಿನೇ ಇಲ್ಲ. ಅದು ಯಾಕೆ ಬಂತು ಅಂತ."

"ಬೆಳಿಗ್ಗೆನೇ ಯಾಕೆ ಹೇಳ್ಲಿಲ್ಲ?"

"ಬಂದೋರೆಲ್ಲ ಸಾರನ್ನೇ ಕೇಳಿದ್ರಿ. ನನ್ನ ಯಾರೂ ಕೇಳ್ಲಿಲ್ವಲ್ಲ."

ಹೆಣ ಕಂಡವಳ ಹೇಳಿಕೆಯನ್ನು ಇನ್ಸ್‌ಪೆಕ್ಟರ್ ಎರಡೇ ಸಾಲಿನಲ್ಲಿ ಮುಗಿಸಿದ್ದಳು.

ಕಸದ ಲಾರಿ ಇನ್ನೂ ಬಂದಿರಲಿಲ್ಲ. ಹಿತ್ತಲಿನ ಶೆಡ್ಡಿನಲ್ಲಿ ನಲವತ್ತು ಹಳದಿ ಚೀಲಗಳಿದ್ದವು. ದಫೇದಾರ ಕಿಟ್ ಹಾಕಿಕೊಂಡು ಒಳಗೆ ಹೋದ. ಅವನಿಗೆ ಮಾತ್ರ ಅದು ಹೇಳಿ ಮಾಡಿಸಿದ ಹಾಗಿತ್ತು. ಐದು ತಿಂಗಳು ಮೊದಲೇ ನಿವೃತ್ತಿ ಕೊಡಿ ಎಂದು ಒಳಗಿಂದಲೇ ಗೊಣಗಿದ. ಮೂವತ್ತೊಂದನೇ ಚೀಲದಲ್ಲಿ ಕೆಂಪು ರಟ್ಟಿನ ಉದ್ದ ಪುಸ್ತಕ ಸಿಕ್ಕಿತು.

ಅದನ್ನು ಠಾಣೆಗೆ ತರುವಷ್ಟರಲ್ಲಿ ಸಂಯೋಜಕ ತಾನಾಗಿಯೇ ಇನ್ನೊಂದು ಕಡತ ಕಳಿಸಿದ್ದ. ಸಹಾಯವಾಣಿಯ ದಾಖಲೆ, ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡಿದ್ದು. ಅರವತ್ತೆರಡು ಕರೆಗಳು. ಪ್ರತಿ ಕರೆಗೂ ಮನೆ ನಂಬರು, ಗಂಡನ ಉದ್ಯೋಗ, ಸಮಸ್ಯೆ, ಸಲಹೆ. ಹತ್ತು ನಿಮಿಷ, ಹನ್ನೆರಡು ನಿಮಿಷ, ಹದಿನೈದು ನಿಮಿಷ. ಕೊನೆಯ ಅಂಕಣದಲ್ಲಿ ಎಲ್ಲದಕ್ಕೂ ಒಂದೇ ಮಾತು: ಬಗೆಹರಿದಿದೆ.

ಒಂದು ಕರೆಯೂ ಅರ್ಧಕ್ಕೆ ನಿಂತಿರಲಿಲ್ಲ.

ಇನ್ಸ್‌ಪೆಕ್ಟರ್ ಒಂದು ತಾರೀಕಿಗೆ ಬಂದು ನಿಂತಳು. ಹದಿನೆಂಟು ದಿನದ ಹಿಂದಿನ ಬುಧವಾರ. ಹಿಂದೆ ಹೋದಳು, ಮುಂದೆ ಬಂದಳು. ಆ ದಿನ ಮಧ್ಯಾಹ್ನ ಮೂರಕ್ಕೆ ಯಾವ ಕರೆಯೂ ಇರಲಿಲ್ಲ.

ಆ ದಿನ ಅವಳ ಮಗಳ ಹುಟ್ಟುಹಬ್ಬ. ವಿಡಿಯೊ ಕರೆ ಮಾಡಿದ್ದಳು. ಮಗು ಆಟದಲ್ಲಿತ್ತು. 'ಆಮೇಲೆ ಮಾಡಮ್ಮ' ಎಂದು ಚಿಕ್ಕಮ್ಮನ ಕೈಗೆ ಫೋನ್ ಕೊಟ್ಟು ಓಡಿತು. ಅಷ್ಟೇ. ಅದಕ್ಕೆ ಅಳುವಂಥದ್ದೇನೂ ಇರಲಿಲ್ಲ. ಮೇಜಿನ ಮೇಲೆ ಮನೆಮನೆಗೆ ಹಂಚಬೇಕಿದ್ದ ಸಹಾಯವಾಣಿಯ ಚೀಟಿಗಳ ಕಟ್ಟಿತ್ತು. ಅವಳು ತನ್ನ ಸ್ವಂತ ಫೋನಿನಿಂದ ಆ ನಂಬರ್ ಒತ್ತಿದಳು. ಆ ಕಡೆಯ ದನಿ ಹಲೋ ಎಂದಿತು. ಇವಳಿಗೆ ಬಾಯಿ ಬರಲಿಲ್ಲ. ಹೊಡೆತ ತಿನ್ನುತ್ತಿರಲಿಲ್ಲ, ಹಸಿದಿರಲಿಲ್ಲ. ಹೇಳುವುದಾದರೂ ಏನು?

'ಮಾತಾಡ್ಬೇಕು ಅಂತೇನಿಲ್ಲ,' ಎಂದಿತ್ತು ಆ ದನಿ. 'ನಾನು ಇಲ್ಲೇ ಇರ್ತೀನಿ.'

ಆ ಕಡೆ ಫ್ಯಾನು ತಿರುಗುವ ಸದ್ದು. ಒಮ್ಮೆ ಹಾಳೆ ಮಗುಚಿದ ಸದ್ದು. ಇಪ್ಪತ್ತು ನಿಮಿಷ ಇಬ್ಬರೂ ಫೋನ್ ಇಡಲಿಲ್ಲ. ಸಾಂಕ್ರಾಮಿಕ ಶುರುವಾದ ಮೇಲೆ ಅವಳು ಒಬ್ಬಳೇ ಇಲ್ಲ ಎನ್ನಿಸಿದ ಹೊತ್ತು ಅದೊಂದೇ.

ಅವಳು ಕೆಂಪು ಪುಸ್ತಕ ತೆರೆದಳು.

*

ಮರುದಿನ ಹನ್ನೊಂದಕ್ಕೆ ಸಂಯೋಜಕನ ಕೋಣೆಯಲ್ಲಿ ನಾಲ್ವರಿದ್ದರು. ಇನ್ಸ್‌ಪೆಕ್ಟರ್, ದಫೇದಾರ, ಸಂಯೋಜಕ, ಮತ್ತು ಬಾಗಿಲ ಬಳಿ ಆಯಾ. ಆಯಾ ಕೂರಲು ಒಪ್ಪಲಿಲ್ಲ. ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಟ್ಟು ಕೂರಿಸಿದಳು.

ಮೇಜಿನ ಮೇಲೆ ಕತ್ತರಿಸಿದ ಬಿಳಿ ತುಂಡು ಇಟ್ಟಳು.

"ನಿಮ್ಮ ಉಗ್ರಾಣದ ಕಿಟ್ ಹೆಂಗಸರಿಗೆ ಉದ್ದ ಅಂತ ನಿಮಗೆ ಗೊತ್ತಿತ್ತು. ಅವರು ಅದನ್ನ ಕತ್ತರಿಸ್ಕೊಂಡು ಎರಡು ತಿಂಗಳಾಯ್ತು ಅಂತ ಗೊತ್ತಿರ್ಲಿಲ್ಲ. ದಿನಾ ಎದುರಿಗೇ ಓಡಾಡ್ತಿದ್ರು. ಹನ್ನೊಂದು ಜನ, ಇಪ್ಪತ್ತೆರಡು ಕಾಲು, ನೀಲಿ ಟೇಪು. ನಿಮ್ಮ ಕಣ್ಣಿಗೆ ಬೀಳ್ಲೇ ಇಲ್ಲ."

ಸಂಯೋಜಕ ಆಯಾಳ ಕಾಲಿನ ಕಡೆ ನೋಡಿದ. ಬಹುಶಃ ಅದೇ ಮೊದಲ ಸಲ.

ಅವಳು ಒಂದೊಂದಾಗಿ ಬಿಡಿಸಿದಳು. ಎಡವಿ ಬಿದ್ದವಳ ಕಿಟ್ಟಿನ ಮುಸುಕು ಹೊರಗೆ ಎಲ್ಲಿಯೂ ಗೀರಿರಲಿಲ್ಲ, ಆದರೆ ಒಳಗೆ ರಕ್ತ ಮೆತ್ತಿತ್ತು. ಅಂದರೆ ಗಾಯ ಮೊದಲು, ಕಿಟ್ ಆಮೇಲೆ. ಅವಳದೇ ಕಿಟ್ ತಾರಸಿಯ ಮೇಲಿತ್ತು. ಹಾಕಿದವನಿಗೆ ಅದು ಗೊತ್ತಿರಲಿಲ್ಲ, ಉಗ್ರಾಣದಿಂದ ಹೊಸದು ತಂದ. ನಾಲ್ಕಕ್ಕೆ ಹೊರಟೆ ಎಂದವನ ಬಿಳಿ ಗಾಡಿ ಆರೂವರೆಗೆ ಗೇಟು ದಾಟಿತ್ತು. ಕಾವಲುಗಾರ ಬರೆದುಕೊಂಡಿರಲಿಲ್ಲ, ಸಾರ್ ಗಾಡಿ ಎಂದು. ಆ ಗಾಡಿ ಹೆಂಗಸರನ್ನು ಕರೆತರಲು ಹೊರದೇಶದವರು ಕೊಟ್ಟದ್ದಲ್ಲವೇ ಎಂದು ಕೇಳಿದ್ದಕ್ಕೆ, ಅದರಲ್ಲಿ ಹೆಂಗಸು ಕೂತದ್ದನ್ನು ತಾನಂತೂ ನೋಡಿಲ್ಲ ಎಂದಿದ್ದ ಕಾವಲುಗಾರ.

ಆಮೇಲೆ ಕೆಂಪು ಪುಸ್ತಕ. ಸಂಯೋಜಕನ ಮುಖದ ಬಣ್ಣ ಇಳಿಯಿತು.

ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಕರೆಗಳಿದ್ದವು. ಎಕ್ಸ್‌ಚೇಂಜಿನ ಕೈಬರಹ, ಸಣ್ಣದು, ನೆಟ್ಟಗಿನದು. 'ನಲವತ್ತು ಸೆಕೆಂಡ್. ರಾಂಗ್ ನಂಬರ್ ಎಂದಳು.' 'ಮಗು ಅಳು. ಇಟ್ಟಳು.' 'ಮುಟ್ಟಿನ ಬಟ್ಟೆಯೂ ಇಲ್ಲ, ನೆರವಿನ ಪೆಟ್ಟಿಗೆಯಲ್ಲಿ ಬರೀ ಸಾಬೂನು ಎಂದಳು.' ಹಸಿರು ಗೇಟಿನ ಮನೆಯವಳು ಎಂದಷ್ಟೇ ಬರೆದಿದ್ದ ಒಬ್ಬಳು ನಾಲ್ಕು ಸಲ ಕರೆ ಮಾಡಿದ್ದಳು. ಪ್ರತಿ ಸಲವೂ ಕೆಳಗೆ ಒಂದೇ ಸಾಲು: 'ಗಾಡಿ ಕೇಳಿದೆ. ಇಲ್ಲ ಎಂದರು.' ಐದನೇ ಸಲ ಬರೆದದ್ದು: 'ಅವಳ ತಂಗಿ ಮಾಡಿದಳು. ಸತ್ತಳಂತೆ. ಜ್ವರ ಎಂದು ಬರೆಸಿದ್ದಾರೆ.'

ಟೈಪ್ ಮಾಡಿದ ಕಡತದಲ್ಲಿ ಹಸಿರು ಗೇಟಿನ ಮನೆಯ ಎದುರು 'ಬಗೆಹರಿದಿದೆ' ಎಂದಿತ್ತು.

ನೆರವು ಕೊಟ್ಟ ಹೊರದೇಶದವರ ಷರತ್ತು ಒಂದೇ ಆಗಿತ್ತು. ಗಂಡಸರಿಗೆ ಎಷ್ಟೋ ಹೆಂಗಸರಿಗೂ ಅಷ್ಟೇ ತಲುಪಬೇಕು. ಅದಕ್ಕಾಗಿಯೇ ಫೋನು, ಗಾಡಿ, ಊರಾಚೆ ಆಸರೆಯ ಮನೆ. ಆ ಮನೆಯಲ್ಲಿ ಮೂರು ತಿಂಗಳಿಂದ ಇದ್ದದ್ದು ಸಂಯೋಜಕನ ಅಣ್ಣನ ಸಂಸಾರ. ಸೋಂಕಿಗೆ ಹೆದರಿ ಬಂದವರು. ಗಾಡಿ ಅವರಿಗೆ ದಿನಸಿ, ಔಷಧಿ ಹೊರುತ್ತಿತ್ತು. ಫೋನಕ್ಕ ಸತ್ತ ಮರುದಿನ ಹನ್ನೊಂದಕ್ಕೆ ಹೊರದೇಶದವರು ವಿಡಿಯೊ ಕರೆಯಲ್ಲಿ ಬಂದು ಅವಳನ್ನೇ ಮಾತಾಡಿಸುವುದಿತ್ತು.

"ಆ ಪುಸ್ತಕ ನಂಬ್ತೀರಾ ಮೇಡಂ?" ಸಂಯೋಜಕ ಕೊನೆಗೂ ಬಾಯಿ ಬಿಟ್ಟ. "ಒಂಟಿ ಹೆಂಗಸು. ಮಾತಾಡ್ಸೋರಿಲ್ಲ. ಇಡೀ ದಿನ ಫೋನ್ ಮುಂದೆ ಕೂತು ಏನೇನೋ ಕಲ್ಪಿಸ್ಕೊಂಡು ಬರೆದಿದ್ದಾಳೆ. ಈ ಕರೆಗಳು ಬಂದೇ ಇಲ್ಲ."

ಇನ್ಸ್‌ಪೆಕ್ಟರ್ ಪುಸ್ತಕ ತಿರುವಿದಳು. ಒಂದು ಪುಟದಲ್ಲಿ ಬೆರಳಿಟ್ಟು ದಫೇದಾರನ ಕೈಗೆ ಕೊಟ್ಟಳು. ಓದಲು ಹೇಳಿದಳು.

"ಬುಧವಾರ. ಮೂರು ಗಂಟೆ," ದಫೇದಾರ ಓದಿದ. "ಮಾತಿಲ್ಲ. ಉಸಿರು ಮಾತ್ರ. ಇಪ್ಪತ್ತು ನಿಮಿಷ. ಯಾರೋ ಪಾಪ, ನನ್ನ ಹಾಗೇ. ನಾನೂ ಇಡಲಿಲ್ಲ."

"ನೋಡಿದ್ರಾ?" ಎಂದ ಸಂಯೋಜಕ. "ಇದನ್ನ ಯಾರಾದ್ರೂ ಕರೆ ಅಂತಾರಾ?"

"ಅಂತಾರೆ," ಎಂದಳು ಇನ್ಸ್‌ಪೆಕ್ಟರ್. "ಅದು ಮಾಡಿದ್ದು ನಾನು."

ದಫೇದಾರ ತಲೆ ಎತ್ತಲಿಲ್ಲ. ಪುಸ್ತಕದಲ್ಲೇ ಕಣ್ಣಿಟ್ಟು ನಿಂತ. ಆಯಾ ಮಾತ್ರ ಇನ್ಸ್‌ಪೆಕ್ಟರಳ ಮುಖವನ್ನೇ ನೋಡಿದಳು. ಇನ್ಸ್‌ಪೆಕ್ಟರ್ ತನ್ನ ಫೋನ್ ತೆಗೆದು, ಆ ದಿನದ ಕರೆಯ ಗುರುತು ತೋರಿಸಿ, ಮೇಜಿನ ಮೇಲಿಟ್ಟಳು. ಟೆಲಿಫೋನ್ ಕಂಪನಿಯಿಂದ ಉಳಿದ ನಂಬರುಗಳ ಪಟ್ಟಿ ಎರಡು ದಿನದಲ್ಲಿ ಬರುತ್ತದೆ ಎಂದಳು.

ಸಂಯೋಜಕ ತಾನು ತಳ್ಳಲಿಲ್ಲ ಎಂದ. ಮೆಟ್ಟಿಲ ತುದಿಯಲ್ಲಿ, ಅವಳು ಇನ್ನೂ ಕಿಟ್ ಹಾಕುವ ಮೊದಲೇ, ಪುಸ್ತಕ ಕಿತ್ತುಕೊಳ್ಳಲು ಹೋದನಂತೆ. ಅವಳು ಬಿಡಲಿಲ್ಲವಂತೆ. ಎಳೆದಾಗ ಪುಸ್ತಕ ಇವನ ಕೈಗೆ ಬಂತು, ಅವಳು ಹಿಂದಕ್ಕೆ ಹೋದಳು.

"ಕಿಟ್ ಹಾಕೋವಾಗ ಉಸಿರಾಡ್ತಿದ್ರಾ?"

ಅವನು ನೆಲ ನೋಡಿದ.

"ಸಣ್ಣಗೆ," ಎಂದ.

*

ಬಿಳಿ ಗಾಡಿಯನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಮರುದಿನವೇ ಸಾಕ್ಷಿ ಹೇಳಿಕೆಗೆಂದು ಟೈಲರನ ಹೆಂಡತಿಯನ್ನು ಅದರಲ್ಲಿ ಕರೆದೊಯ್ದರು. ಹೇಳಿಕೆ ಮುಗಿದ ಮೇಲೆ ಎಲ್ಲಿಗೆ ಬಿಡಲಿ ಎಂದು ದಫೇದಾರ ಕೇಳಿದ. ಅವಳು ತುಂಬ ಯೋಚಿಸಿದಳು. ಊರಾಚೆಯ ಆ ಮನೆ ಖಾಲಿಯಾಗಿದೆ ಎಂದು ಕೇಳಿದ್ದಳು. ಹೊಲಿಗೆ ಯಂತ್ರ ಒಂದನ್ನು ತರಬಹುದೇ ಎಂದು ಕೇಳಿದಳು. ಮಂಡಿನೋವಿನ ದಫೇದಾರ ಯಂತ್ರವನ್ನು ತಾನೇ ಹೊತ್ತು ತಂದ. ಟೈಲರ್ ಅಡ್ಡ ಬರಲಿಲ್ಲ. ಚೆಕ್‌ಪೋಸ್ಟಿನ ನೆನಪು ಇನ್ನೂ ಹಸಿಯಾಗಿತ್ತು.

ಫೋನಿನ ಮುಂದೆ ಸದ್ಯಕ್ಕೆ ಆಯಾ ಕೂತಳು. ಅವಳಿಗೆ ಬರೆಯಲು ಅಷ್ಟಾಗಿ ಬಾರದು. ಕರೆ ಬಂದಾಗಲೆಲ್ಲ ಒಂದೊಂದು ಗೀಟು ಹಾಕುತ್ತಿದ್ದಳು, ಅರ್ಧಕ್ಕೆ ನಿಂತದ್ದಕ್ಕೆ ಅರ್ಧ ಗೀಟು.

ನಾಲ್ಕನೇ ದಿನ ಆಸ್ಪತ್ರೆಯಿಂದ ಫೋನ್ ಬಂತು. ಫೋನಕ್ಕನ ದೇಹ ಒಯ್ಯಲು ಯಾರೂ ಬಂದಿಲ್ಲ. ದೂರದ ಊರಿನಲ್ಲಿ ಒಬ್ಬ ಅಣ್ಣನ ಮಗ ಇದ್ದ. ದಾರಿ ಬಂದ್ ಆಗಿದೆ, ನೀವೇ ಮುಗಿಸಿಬಿಡಿ ಎಂದಿದ್ದ.

ಇನ್ಸ್‌ಪೆಕ್ಟರ್ ಒಬ್ಬಳೇ ಹೋದಳು. ಸಮವಸ್ತ್ರ ಹಾಕಿರಲಿಲ್ಲ. ಶವಾಗಾರದ ಕಿಟಕಿಯ ಹಿಂದೆ ಗುಮಾಸ್ತನೊಬ್ಬ ಫಾರಂ ತುಂಬುತ್ತಿದ್ದ. ಮೃತರ ವಯಸ್ಸು ಕೇಳಿದ. ವಿಳಾಸ ಕೇಳಿದ. ತಲೆ ಎತ್ತದೆ ಮುಂದಿನದನ್ನು ಕೇಳಿದ.

"ಮೃತರಿಗೆ ನಿಮ್ಮ ಸಂಬಂಧ?"

ಪೊಲೀಸ್ ಎಂದರೆ ಸಾಕಿತ್ತು. ಅವನು ಬರೆದು ಮುದ್ರೆ ಒತ್ತುತ್ತಿದ್ದ.

"ಒಂದು ಸಲ ಫೋನ್ ಮಾಡಿದ್ದೆ," ಎಂದಳು.

ಗುಮಾಸ್ತ ಈಗ ತಲೆ ಎತ್ತಿದ. ಹಾಗಂತ ಒಂದು ಸಂಬಂಧ ಇಲ್ಲ ಮೇಡಂ ಎಂದ. ಅಕ್ಕ, ತಂಗಿ, ಮಗಳು, ಇಂಥದ್ದೇನಾದರೂ ಇರಬೇಕು. ಅವನ ದನಿಯಲ್ಲಿ ಕೊಂಕಿರಲಿಲ್ಲ. ದಿನಕ್ಕೆ ಅಷ್ಟು ಫಾರಂ ತುಂಬಿ ಅವನೂ ದಣಿದಿದ್ದ.

ಅವಳು ಕಿಟಕಿಯೊಳಗೆ ಕೈ ಹಾಕಿ ಪೆನ್ನು ತೆಗೆದುಕೊಂಡಳು. ಆ ಖಾನೆಯಲ್ಲಿ 'ತಂಗಿ' ಎಂದು ತಾನೇ ಬರೆದು, ಕೆಳಗೆ ರುಜು ಹಾಕಿದಳು.